ಗಿಣ್ಣು ಗಟ್ಟಿಯಾಗುವುದು ಯಾಕೆ?

ಮಕ್ಕಳೇ, ನಿಮ್ಮ ಮನೆಯಲ್ಲೋ ಪಕ್ಕದ ಮನೆಯಲ್ಲೋ ಆಕಳು ಕರು ಹಾಕಿದರೆ ಒಂದೆರಡು ದಿನದಲ್ಲಿ ಗಿಣ್ಣು ತಿನ್ನೋಕೆ ಸಿಗುತ್ತದೆ, ಅಲ್ವಾ? ಆದೋನಿ, ಮಡಕಶಿರಾ ಕಡೆಯ ತೆಲುಗು ಗೆಳೆಯರು ಇದನ್ನು ‘ಜುನ್ನು’ ಅನ್ನುತ್ತಾರೆ. ಸೊಲ್ಲಾಪುರ, ಜತ್ತ ಕಡೆ ಮರಾಠಿಯಲ್ಲಿ ‘ಖರವಸ’. ಹೊಸೂರು, ತಾಳವಾಡಿಯ ತಮಿಳರಿಗೆ ಆ ಹಾಲು ‘ಸೀಂಪಾಲ್’. ಹೆಸರು ಬೇರೆ ಬೇರೆಯಾದರೂ ಮಾಡುವ ರೀತಿ ಹೆಚ್ಚುಕಡಿಮೆ ಒಂದೇ: ಗಿಣ್ಣದ ಹಾಲಿಗೆ ಬೆಲ್ಲ, ಏಲಕ್ಕಿ ಪುಡಿ ಹಾಕಿ ಹಬೆಯಲ್ಲಿ ಬೇಯಿಸುವುದು.

ಇಲ್ಲೊಂದು ಸೋಜಿಗವಿದೆ. ಪೇಡೆ ಮಾಡಲು ಹಾಲನ್ನು ಬಹಳ ಹೊತ್ತು ಕಾಯಿಸಿ ನೀರು ಇಂಗಿಸಬೇಕು. ಪನೀರಿಗೆ ನಿಂಬೆಹುಳಿ ಹಿಂಡಬೇಕು. ಗಿಣ್ಣಿಗೆ ಇದ್ಯಾವುದೂ ಬೇಡ. ಬರೀ ಬಿಸಿ ತಾಗಿದರೆ ಸಾಕು, ಹೆಪ್ಪುಗಟ್ಟುತ್ತದೆ! ಯಾಕೆ ಗೊತ್ತಾ?

ಮಾಮೂಲಿ ಆಕಳ ಹಾಲಿನಲ್ಲಿ ಪ್ರೋಟೀನ್ ಶೇ. 3ರಿಂದ 3.5ರಷ್ಟು ಇರುತ್ತದೆ. ಅದರಲ್ಲಿ ಹೆಚ್ಚಿನದು ಕೇಸೀನ್. ಅದು ಕುದಿಸಿದರೂ ಗಟ್ಟಿಯಾಗದು. ಆದರೆ ಕರು ಹಾಕಿದ ಮೇಲೆ ಮೊದಲ ಸಲ ಕರೆದ ಹಾಲಿನಲ್ಲಿ ಪ್ರೋಟೀನ್ ಸುಮಾರು ಶೇ. 14ರಷ್ಟಿರುತ್ತದೆ. ಅದರಲ್ಲಿ ದೊಡ್ಡ ಪಾಲು ಇಮ್ಯುನೊಗ್ಲಾಬ್ಯುಲಿನ್ ಎಂಬ ಪ್ರತಿಕಾಯಗಳದ್ದು. ಸುಮಾರು 70 ಡಿಗ್ರಿ ಸೆಲ್ಸಿಯಸ್ ದಾಟಿದರೆ ಇವುಗಳ ಮಡಿಕೆ ಬಿಚ್ಚಿಕೊಳ್ಳುತ್ತದೆ. ಬಿಚ್ಚಿದ ಎಳೆಗಳು ಒಂದಕ್ಕೊಂದು ಹೆಣೆದುಕೊಂಡು ಬಲೆಯಾಗಿ ನೀರನ್ನು ಹಿಡಿದಿಡುತ್ತವೆ. ಮೊಟ್ಟೆಯ ಬಿಳಿ ಭಾಗ ಬೆಂದಾಗ ಗಟ್ಟಿಯಾಗುವುದೂ ಹೀಗೆಯೇ.

ಆದರೆ ಈ ಪ್ರತಿಕಾಯಗಳು ನಮ್ಮ ಬಾಯಿರುಚಿಗಾಗಿ ಬಂದವಲ್ಲ. ಮನುಷ್ಯರ ಮಗುವಿಗೆ ಗರ್ಭದಲ್ಲಿರುವಾಗಲೇ ತಾಯಿಯಿಂದ ಪ್ರತಿಕಾಯಗಳು ಸಿಗುತ್ತವೆ. ಕರುವಿಗೆ ಹಾಗಿಲ್ಲ, ರೋಗ ತಡೆಯುವ ಶಕ್ತಿಯೆಲ್ಲ ಗಿಣ್ಣದ ಹಾಲಿನಿಂದಲೇ ಬರಬೇಕು. ಅದಕ್ಕೂ ಸಮಯದ ಮಿತಿ ಇದೆ. ಹುಟ್ಟಿದ ಮೊದಲ ಕೆಲವು ಗಂಟೆ ಮಾತ್ರ ಕರುವಿನ ಕರುಳು ಪ್ರತಿಕಾಯಗಳನ್ನು ಚೆನ್ನಾಗಿ ಹೀರಿಕೊಳ್ಳುತ್ತದೆ. ಸುಮಾರು 24 ಗಂಟೆಯಲ್ಲಿ ಆ ಬಾಗಿಲು ಮುಚ್ಚಿಬಿಡುತ್ತದೆ.

ಮಾಸು ಬೀಳುವ ತನಕ ಕರುವಿಗೆ ಹಾಲು ಬಿಡಬಾರದು ಅಂತ ಕೆಲವರು ಕಾಯುತ್ತಾರೆ. ಇದು ತಪ್ಪು. ಹುಟ್ಟಿದ ಒಂದು ಗಂಟೆಯೊಳಗೇ ಕುಡಿಸಲು ಶುರು ಮಾಡಬೇಕು. ಮೊದಲ ದಿನ ಕರುವಿನ ತೂಕದ ಹತ್ತನೇ ಒಂದು ಭಾಗದಷ್ಟಾದರೂ ಹಾಲು ಅದರ ಹೊಟ್ಟೆಗೆ ಹೋಗಬೇಕು. 25 ಕಿಲೋ ತೂಕದ ಕರುವಿಗೆ ಎರಡೂವರೆ ಕಿಲೋ ಹಾಲು. ಕರು ಕುಡಿದು ಮಿಕ್ಕಿದ್ದು ನಮಗೆ. ಅದನ್ನೂ ಹಸಿಯಾಗಿ ಕುಡಿಯಬೇಡಿ, ರೋಗಾಣುಗಳು ಇರಬಹುದು. ಚೆನ್ನಾಗಿ ಬೇಯಿಸಿಯೇ ತಿನ್ನಿ.

ಮಾಡಿ ನೋಡಿ: ಕರು ಹಾಕಿದ ಮೊದಲ ನಾಲ್ಕು ದಿನ, ದಿನವೂ ಎರಡು ಚಮಚ ಹಾಲನ್ನು ಪುಟ್ಟ ಬಟ್ಟಲಿಗೆ ಹಾಕಿ, ಬೇರೇನೂ ಬೆರೆಸದೆ ಹಬೆಯಲ್ಲಿ ಬೇಯಿಸಿಕೊಡಲು ಅಮ್ಮನಿಗೋ ಅಜ್ಜಿಗೋ ಹೇಳಿ. ಯಾವ ದಿನದ್ದು ಹೆಚ್ಚು ಗಟ್ಟಿ? ಯಾವ ದಿನದ್ದು ಗಟ್ಟಿಯಾಗಲೇ ಇಲ್ಲ? ಬರೆದಿಡಿ. ದಿನ ಕಳೆದಂತೆ ಹಾಲಿನಲ್ಲಿ ಪ್ರತಿಕಾಯಗಳು ಕಡಿಮೆಯಾಗುವುದು ನಿಮ್ಮ ಬಟ್ಟಲಲ್ಲೇ ಕಾಣುತ್ತದೆ.

ಮುಂದಿನ ಸಲ ಗಿಣ್ಣು ಕೈಗೆ ಬಂದಾಗ ತಿನ್ನುವ ಮೊದಲು ಒಂದು ಮಾತು ಕೇಳಿ: “ಕರು ಕುಡೀತಾ?”