ಕೆರೆಯ ಮಗ್ಗುಲಿನ ಮಠ: ನಾಯಕನಹಟ್ಟಿಯ ಹೊರಮಠ ಮತ್ತು ಅದರ ನಿಸರ್ಗ

ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ಮತ್ತು ಮೊಳಕಾಲ್ಮೂರು ತಾಲ್ಲೂಕುಗಳು ಕರ್ನಾಟಕದಲ್ಲಿ ಅತಿ ಕಡಿಮೆ ಮಳೆ ಬೀಳುವ ಪ್ರದೇಶಗಳ ಸಾಲಿಗೆ ಸೇರಿವೆ. ವರ್ಷದ ಸರಾಸರಿ ಮಳೆ 500 ಮಿ.ಮೀ.ಗಳ ಆಸುಪಾಸಿನಲ್ಲಿದ್ದು, ಅದರ ದೊಡ್ಡ ಪಾಲು ಸೆಪ್ಟೆಂಬರ್ ಮತ್ತು ಅಕ್ಟೋಬರ್ ತಿಂಗಳುಗಳಲ್ಲಿ ಸುರಿಯುತ್ತದೆ. ಇಂತಹ ನೆಲದಲ್ಲಿ ವಿರಕ್ತರು ಏಕಾಂತವನ್ನು ಅರಸುವಾಗ ನೀರನ್ನೂ ಅರಸಬೇಕಾಗಿತ್ತು. ಆದುದರಿಂದ ಇಲ್ಲಿಯ ಧಾರ್ಮಿಕ ನೆಲೆಗಳನ್ನು ಅವುಗಳ ಜಲಮೂಲಗಳಿಂದ ಬೇರ್ಪಡಿಸಿ ಅಭ್ಯಸಿಸಿದರೆ ಚಿತ್ರ ಅಪೂರ್ಣವಾಗುತ್ತದೆ. ಚಳ್ಳಕೆರೆ ತಾಲ್ಲೂಕಿನ ನಾಯಕನಹಟ್ಟಿಯ ಹೊರಮಠ ಈ ಮಾತಿಗೆ ಸ್ಪಷ್ಟ ನಿದರ್ಶನವಾಗಿದೆ.

ಈ ಸೀಮೆಯ ಪ್ರಾಚೀನ ಏಕಾಂತ ನೆಲೆಗಳಲ್ಲಿ ಹಲವು ಬೆಟ್ಟಗಳನ್ನು ಆಶ್ರಯಿಸಿವೆ. ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ ಮತ್ತು ಜಟಿಂಗ ರಾಮೇಶ್ವರಗಳಲ್ಲಿ ಬಿ.ಎಲ್. ರೈಸ್ ಅವರು 1892ರಲ್ಲಿ ಅಶೋಕನ ಶಾಸನಗಳನ್ನು ಬೆಳಕಿಗೆ ತಂದರು. 1947ರಲ್ಲಿ ಮಾರ್ಟಿಮರ್ ವ್ಹೀಲರ್ ಅವರು ಬ್ರಹ್ಮಗಿರಿಯಲ್ಲಿ ನಡೆಸಿದ ಉತ್ಖನನವು ಶಿಲಾಯುಗದ ಉಪಕರಣಗಳನ್ನು ಬಳಸುತ್ತಿದ್ದವರಿಂದ ಮೊದಲ್ಗೊಂಡು ಬೃಹತ್ ಶಿಲಾಸಮಾಧಿಗಳ ಜನರನ್ನೂ ಒಳಗೊಂಡಂತೆ ಚಾರಿತ್ರಿಕ ಯುಗದವರೆಗಿನ ವಸತಿಯ ಸ್ತರಗಳನ್ನು ತೋರಿಸಿಕೊಟ್ಟಿತು. ಜಟಾಯುವಿನ ಕಥೆಯೊಂದಿಗೆ ತಳುಕು ಹಾಕಿಕೊಂಡ ಜಟಿಂಗ ರಾಮೇಶ್ವರದ ದೇವಾಲಯ ಬೆಟ್ಟದ ಮೇಲಿದೆ. ಮೊಳಕಾಲ್ಮೂರಿನ ಸಮೀಪದ ನುಂಕೆಮಲೆಯ ಭೈರವ ಕ್ಷೇತ್ರವು ನಾಥ ಪರಂಪರೆಗೆ ಸೇರಿದುದು. ಬಂಡೆಗಳ ನಡುವೆ ಮಳೆನೀರು ನಿಲ್ಲುವ ದೊಣೆಗಳು ಇಂತಹ ಗಿರಿನೆಲೆಗಳಲ್ಲಿ ವಾಸವನ್ನು ಸಾಧ್ಯವಾಗಿಸುತ್ತವೆ.

ನಾಯಕನಹಟ್ಟಿಯಲ್ಲಿ ಕಾಣುವುದು ಇದಕ್ಕಿಂತ ಭಿನ್ನವಾದ ಮಾದರಿ. ಒಂದು ಕಾಲದಲ್ಲಿ ಪಾಳೆಯಗಾರರ ಕೇಂದ್ರವಾಗಿದ್ದ ಈ ಊರು ಶರಣ ತಿಪ್ಪೇರುದ್ರಸ್ವಾಮಿಯ ನೆಲೆಯೆಂದು ಪ್ರಸಿದ್ಧವಾಗಿದೆ. ಕೊಟ್ಟೂರಿನ ಬಸವೇಶ್ವರರೊಂದಿಗೆ ಈತನನ್ನೂ ಪಂಚಗಣಾಧೀಶ್ವರರಲ್ಲಿ ಒಬ್ಬನೆಂದು ಭಕ್ತಪರಂಪರೆ ಪರಿಗಣಿಸುತ್ತದೆ. ಊರಿನಲ್ಲಿ ಈತನ ಹೆಸರಿನ ಎರಡು ಮಠಗಳಿವೆ. ಊರ ನಡುವಿನ ಒಳಮಠವು ಮೊದಲು ಮಾರಿದೇವತೆಯ ಗುಡಿಯಾಗಿತ್ತೆಂದೂ, ಸ್ವಾಮಿಯು ಅಲ್ಲಿ ತಂಗಲು ಸ್ಥಳ ಬೇಡಿ ಕ್ರಮೇಣ ಗುಡಿಯನ್ನೆಲ್ಲ ವ್ಯಾಪಿಸಿದನೆಂದೂ ಐತಿಹ್ಯ ಹೇಳುತ್ತದೆ. ಸ್ವಾಮಿಯ ಸಮಾಧಿಯಿರುವ ಹೊರಮಠವು ಊರ ಹೊರಗೆ, ಕೆರೆಯ ಮಗ್ಗುಲಲ್ಲಿದೆ. ಪೂಜೆ, ಉತ್ಸವ, ಜನಸಂದಣಿಗಳು ಒಳಮಠವನ್ನು ಊರಿನ ಬದುಕಿಗೆ ಬೆಸೆದರೆ, ಸಮಾಧಿಯ ಮೌನ ಮತ್ತು ನೀರಿನ ಸಾನ್ನಿಧ್ಯ ಹೊರಮಠಕ್ಕೆ ಬೇರೊಂದು ಗಾಂಭೀರ್ಯವನ್ನು ನೀಡಿವೆ.

ತಿಪ್ಪೇರುದ್ರಸ್ವಾಮಿಯ ಪವಾಡಗಳಿಗಿಂತಲೂ ಆತನ ಕೆರೆಗಳು ಜನಮನದಲ್ಲಿ ಹೆಚ್ಚು ಗಟ್ಟಿಯಾಗಿ ನಿಂತಿವೆ. ಚಿಕ್ಕಕೆರೆಯೂ ಸೇರಿದಂತೆ ಈ ಭಾಗದ ಐದು ಕೆರೆಗಳನ್ನು ಆತನೇ ಕಟ್ಟಿಸಿದನೆಂಬುದು ಪರಂಪರೆಯ ನಂಬಿಕೆ. ಕೆರೆ ಕಟ್ಟಲು ಬಂದವರಿಗೆ ಅವರವರು ಮಾಡಿದ ಕೆಲಸಕ್ಕೆ ಸರಿಯಾಗಿ ಕೂಲಿ ದೊರೆಯುತ್ತಿತ್ತೆಂದು ಹಿರಿಯರು ಹೇಳುತ್ತಾರೆ. ಈತನ ಹೆಸರಿನೊಂದಿಗೆ ಬೆರೆತಿರುವ ‘ಮಾಡಿದಷ್ಟು ನೀಡು ಭಿಕ್ಷೆ’ ಎಂಬ ನುಡಿಯನ್ನು ಈ ಹಿನ್ನೆಲೆಯಲ್ಲಿ ಗ್ರಹಿಸಬೇಕಾಗುತ್ತದೆ. ಭಿಕ್ಷೆಯು ದಾನಿಯ ಔದಾರ್ಯದ ಫಲವಲ್ಲ, ದುಡಿಮೆಯ ಫಲ ಎಂಬುದು ಅದರ ತಿರುಳು. ಶರಣರ ಕಾಯಕತತ್ತ್ವವು ಬರದ ನಾಡಿಗೆ ಬಂದಾಗ ಮಣ್ಣು ಹೊರುವ, ಏರಿ ಕಟ್ಟುವ ರೂಪ ತಾಳಿತು. ಜಿಲ್ಲೆಯಲ್ಲಿ ತಿಪ್ಪೇಸ್ವಾಮಿ, ತಿಪ್ಪೇರುದ್ರಪ್ಪ, ತಿಪ್ಪಮ್ಮ ಎಂಬ ಹೆಸರುಗಳು ಜಾತಿಯ ಎಲ್ಲೆ ಮೀರಿ ಹರಡಿರುವುದರಲ್ಲಿ ಆ ಸ್ಮರಣೆಯ ವ್ಯಾಪ್ತಿ ವ್ಯಕ್ತವಾಗುತ್ತದೆ.

ಕೆರೆಯೆಂದರೆ ಕೇವಲ ನಿಂತ ನೀರಲ್ಲ. ಮಳೆಯನ್ನು ಹಳ್ಳಗಳ ಮೂಲಕ ಕಳುಹಿಸುವ ಮೇಲ್ಭಾಗದ ಜಲಾನಯನ, ನೀರನ್ನು ತಡೆಯುವ ಏರಿ, ಹೊಲಗದ್ದೆಗಳಿಗೆ ಬಿಡುವ ತೂಬು, ಹೆಚ್ಚಾದುದನ್ನು ಕೆಳಗಿನ ಕೆರೆಗೆ ಸಾಗಿಸುವ ಕೋಡಿ, ನೀರುಣ್ಣುವ ಅಚ್ಚುಕಟ್ಟು, ಇವೆಲ್ಲ ಸೇರಿ ಕೆರೆಯಾಗುತ್ತದೆ. ಕೆರೆ ಕಟ್ಟಿಸಿದವರಿಗೆ, ಕಾಯ್ದವರಿಗೆ ಕಟ್ಟುಕೊಡಗೆಯಾಗಿ ಭೂಮಿ ಬಿಟ್ಟ ಸಂಗತಿ ಕರ್ನಾಟಕದ ಶಾಸನಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ನೀರುಗಂಟಿಯ ಕೆಲಸ, ವರ್ಷವರ್ಷದ ಹೂಳೆತ್ತುವಿಕೆ, ಏರಿಯ ದುರಸ್ತಿ ಊರಿನ ಸಾಮುದಾಯಿಕ ಹೊಣೆಗಳಾಗಿದ್ದವು. ಕೆರೆಗೆ ಶರಣನ ಹೆಸರು ಅಂಟಿದಾಗ ಆ ಹೊಣೆಗೆ ಧರ್ಮದ ಬಲವೂ ಕೂಡಿತು.

ನಾಯಕನಹಟ್ಟಿಯ ಸುತ್ತಣ ನಿಸರ್ಗವು ಕಾಡಿನದಲ್ಲ, ಹುಲ್ಲುಗಾವಲಿನದು. ಜಾಲಿ, ಬಾರೆ, ಕಾರೆ, ತಂಗಡಿಗಳ ಕುರುಚಲು ನಡುವೆ ಹರಡಿದ ಅಮೃತಮಹಲ್ ಕಾವಲುಗಳು ಮೈಸೂರು ಅರಸರ ಕಾಲದಿಂದ ರಾಸುಗಳ ಮೇವಿನ ನೆಲೆಗಳಾಗಿದ್ದವು. ಮ್ಯಾಸಬೇಡರು ‘ದೇವರ ಎತ್ತು’ಗಳೆಂದು ಪೂಜಿಸಿ, ಕಿಲಾರಿಗಳ ಮೂಲಕ ಕಾಯುವ ಹಿಂಡುಗಳಿಗೂ, ಕುರಿಗಾಹಿಗಳ ಮಂದೆಗಳಿಗೂ ಈ ಬಯಲು ಆಧಾರ. ಕೃಷ್ಣಮೃಗಗಳಿಗೂ ಇದೇ ಆವಾಸ. ಹುಲ್ಲು ಮಣ್ಣನ್ನು ಹಿಡಿದಿಟ್ಟಷ್ಟೂ ಕೆರೆಗೆ ಹರಿದು ಬರುವ ಹೂಳು ಕಡಿಮೆ. ಕಾವಲು, ಹಳ್ಳ, ಕೆರೆ, ಮಠ ಇವು ಒಂದೇ ವ್ಯವಸ್ಥೆಯ ನಾಲ್ಕು ಅಂಗಗಳು.

ಈ ವ್ಯವಸ್ಥೆಯ ಮೇಲ್ಭಾಗದಲ್ಲಿ ಈಚಿನ ದಶಕಗಳಲ್ಲಿ ದೊಡ್ಡ ಬದಲಾವಣೆಗಳಾಗಿವೆ. 2008ರಿಂದ 2010ರ ನಡುವೆ ಚಳ್ಳಕೆರೆ ತಾಲ್ಲೂಕಿನ ಕುದಾಪುರ, ದೊಡ್ಡ ಉಳ್ಳಾರ್ತಿ ಮುಂತಾದ ಕಾವಲುಗಳ ಸುಮಾರು 10,000 ಎಕರೆ ಭೂಮಿ ರಕ್ಷಣೆ, ಅಣುಶಕ್ತಿ, ಬಾಹ್ಯಾಕಾಶ ಹಾಗೂ ವಿಜ್ಞಾನ ಸಂಸ್ಥೆಗಳಿಗೆ ಮತ್ತು ಸೌರವಿದ್ಯುತ್ ಯೋಜನೆಗೆ ಮಂಜೂರಾಯಿತು. ಸುತ್ತುಗೋಡೆಗಳು ಎದ್ದು ದನಕುರಿಗಳ ಹಾದಿಗಳು ಮುಚ್ಚಿದಾಗ ಗ್ರಾಮಸ್ಥರು ಪ್ರತಿಭಟಿಸಿದರು. ವಿಷಯ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಗೂ ಹೋಗಿ, 2014ರಲ್ಲಿ ಅದು ಷರತ್ತುಗಳೊಂದಿಗೆ ಯೋಜನೆಗಳಿಗೆ ಅವಕಾಶ ನೀಡಿತು. 2017ರಲ್ಲಿ ಇಲ್ಲಿ ವಿಮಾನ ಪರೀಕ್ಷಾ ವಲಯ ಉದ್ಘಾಟನೆಗೊಂಡಿತು. ಇಸ್ರೋ ತನ್ನ ಪುನರ್ಬಳಕೆಯ ಉಡಾವಣಾ ವಾಹನವನ್ನು ನೆಲಕ್ಕಿಳಿಸುವ ಪ್ರಯೋಗಗಳನ್ನು 2023 ಮತ್ತು 2024ರಲ್ಲಿ ಇಲ್ಲಿಯೇ ನಡೆಸಿತು. ರಾಷ್ಟ್ರಕ್ಕೆ ಈ ಸಂಸ್ಥೆಗಳ ಪ್ರಯೋಜನ ದೊಡ್ಡದು. ಆದರೆ ಅದರ ಬೆಲೆಯನ್ನು ತೆತ್ತದ್ದು ಮೇವಿನ ನೆಲವನ್ನೇ ನಂಬಿದ್ದ ಜನ. ಕೊಳವೆಬಾವಿಗಳ ಹೆಚ್ಚಳ, ಬಳ್ಳಾರಿ ಜಾಲಿಯ ಹಬ್ಬುವಿಕೆ, ಹೂಳಿನ ಶೇಖರಣೆಗಳು ಬಯಲುಸೀಮೆಯ ಕೆರೆಗಳನ್ನು ಮತ್ತೊಂದು ಬಗೆಯಲ್ಲಿ ದುರ್ಬಲಗೊಳಿಸಿವೆ.

ಒಂದು ಒಳ್ಳೆಯ ಮಳೆಗಾಲ ಈ ಚಿಂತೆಯನ್ನು ಮರೆಸಿಬಿಡಬಹುದು. ಇದೇ ಜಿಲ್ಲೆಯಲ್ಲಿ ವೇದಾವತಿಗೆ ಕಟ್ಟಿದ ವಾಣಿವಿಲಾಸ ಸಾಗರ 1933ರ ಬಳಿಕ ಮತ್ತೆ ಕೋಡಿ ಹರಿದದ್ದು 2022ರಲ್ಲಿ. ತುಂಬಿದ ಆ ಒಂದು ವರ್ಷವನ್ನಲ್ಲ, ನಡುವಣ ಎಂಬತ್ತೊಂಬತ್ತು ವರ್ಷಗಳನ್ನು ಲೆಕ್ಕಕ್ಕೆ ಹಿಡಿದು ಬದುಕು ಕಟ್ಟಬೇಕಾದ ಸೀಮೆಯಿದು. ಬಿದ್ದ ಅಲ್ಪ ಮಳೆಯನ್ನು ಊರೂರಿನಲ್ಲಿ ಹಿಡಿದಿಡುವ ಸಣ್ಣ ಕೆರೆಗಳ ವಿವೇಕ ಇಲ್ಲಿ ಹುಟ್ಟಿದ್ದು ಆ ಅನುಭವದಿಂದಲೇ.

ಫಾಲ್ಗುಣ ಬಹುಳದಲ್ಲಿ ನಡೆಯುವ ರಥೋತ್ಸವಕ್ಕೆ ಲಕ್ಷಾಂತರ ಭಕ್ತರು ಸೇರುತ್ತಾರೆ; ಕೊಬ್ಬರಿ ಸುಟ್ಟು ಹರಕೆ ತೀರಿಸುತ್ತಾರೆ. ಅದು ಬೇಸಗೆ ಕಾಲಿಡುವ, ಕೆರೆಗಳ ನೀರು ಇಳಿಯತೊಡಗುವ ಹೊತ್ತು. ಮಠದ ಕಟ್ಟಡಗಳ ಜೀರ್ಣೋದ್ಧಾರಕ್ಕೆ, ಜಾತ್ರೆಯ ಸೌಕರ್ಯಗಳಿಗೆ ದೊರೆಯುವ ಗಮನ ಕೆರೆಗೆ ನೀರು ತರುವ ಹಳ್ಳಗಳಿಗೆ ದೊರೆಯುವುದು ಅಪರೂಪ. ಧಾರ್ಮಿಕ ಕ್ಷೇತ್ರದ ಎಲ್ಲೆಯನ್ನು ಪ್ರಾಕಾರದ ಗೋಡೆಗೆ ನಿಲ್ಲಿಸುವ ನಮ್ಮ ರೂಢಿಯೇ ಇದಕ್ಕೆ ಮುಖ್ಯ ಕಾರಣ. ತಿಪ್ಪೇರುದ್ರಸ್ವಾಮಿಯ ಪರಂಪರೆ ತನ್ನ ಕ್ಷೇತ್ರವನ್ನು ಏರಿಯಿಂದ ಅಚ್ಚುಕಟ್ಟಿನವರೆಗೆ ವಿಸ್ತರಿಸಿತ್ತು. ಹೊರಮಠದ ಚರಿತ್ರೆಯನ್ನು ಬರೆಯುವವರು ಸಮಾಧಿಯೊಂದಿಗೆ ಕೆರೆಯ ತೂಬನ್ನೂ, ಕಾವಲಿನ ಹುಲ್ಲನ್ನೂ, ಮಣ್ಣು ಹೊತ್ತವರ ನೆನಪನ್ನೂ ದಾಖಲಿಸಬೇಕು. ಕ್ಷೇತ್ರವನ್ನು ಕಾಪಾಡುವ ಹೊಣೆ ಹೊತ್ತವರು ಅದರ ಜಲಾನಯನವನ್ನೂ ಕ್ಷೇತ್ರದ ಭಾಗವೆಂದೇ ಬಗೆಯಬೇಕು. ಕೆರೆ ಬತ್ತಿದರೆ ಮಠದ ಕಟ್ಟಡ ಉಳಿದೀತು. ಅದು ಅಲ್ಲಿ ನೆಲೆಗೊಂಡದ್ದೇಕೆ ಎಂಬುದು ಮುಂದಿನವರಿಗೆ ತಿಳಿಯದೆ ಹೋದೀತು.