ಪಾಳಿಯ ದುಡಿಮೆಯೋ, ಸ್ವಾಧೀನವಾದ ವೇಳೆಯೋ?

ನಾರ್ವೆಯಂತಹ ಮಲೆನಾಡಿನ ಊರುಗಳಲ್ಲಿ ಪೂರ್ವದಲ್ಲಿ ನಡುರಾತ್ರಿಯವರೆಗೆ ದೀಪವುರಿಯುತ್ತಿದ್ದರೆ, ಆ ಮನೆಯಲ್ಲಿ ಅಡಕೆ ಸುಲಿಯುತ್ತಿರುವರೆಂದು ತಿಳಿಯುತ್ತಿದ್ದೆವು. 2020ನೆಯ ಇಸವಿಯ ಮಾರ್ಚಿಯಲ್ಲಿ ಲಾಕ್‌ಡೌನು ವಿಧಿಸಲ್ಪಟ್ಟಂದಿನಿಂದ ಆ ದೀಪಕ್ಕೆ ಇನ್ನೊಂದು ಅರ್ಥವೂ ಉಂಟಾಗಿದೆ. ಬೆಂಗಳೂರಿನಿಂದ ಹಿಂದಿರುಗಿದ ಸಾಫ್ಟ್‌ವೇರ್ ಉದ್ಯೋಗಿಗಳಲ್ಲಿ ಕೆಲವರು ಮನೆಯಿಂದಲೇ ದುಡಿಯುತ್ತಿರುವರು.

ನನ್ನ ಪೂರ್ವಶಿಷ್ಯನೊಬ್ಬನು ಹೀಗೆಯೇ ಎರಡು ವರ್ಷಗಳಿಂದ ರಾತ್ರಿಪಾಳಿಯಲ್ಲಿದ್ದನು. ಮನೆಯಲ್ಲಿ ವೃದ್ಧ ಮಾತೆ, ಹಿಂದೆ ತೋಟ. ಮತ್ತೊಂದು ಕಂಪೆನಿಯವರು ಸಂಬಳವನ್ನು ಸ್ವಲ್ಪ ಕಡಿಮೆಮಾಡಿ, ವೇಳೆಯನ್ನು ಅವನ ಇಚ್ಛೆಗೆ ಬಿಡುವೆವೆಂದರು. “ಮೇಷ್ಟ್ರೇ, ಯಾವುದನ್ನು ಹಿಡಿಯಲಿ?” ಎಂದು ಅವನು ಕೇಳಿದನು. ಅನೇಕ ಗೃಹಸ್ಥರಿಗೆ ಈ ಪ್ರಶ್ನೆಯು ಬಂದೊದಗುವುದರಿಂದ ಇಲ್ಲಿ ವಿಚಾರಿಸಿರುವೆನು.

ರಾತ್ರಿಪಾಳಿಗೆ ಕಾರಣವು ಭೂಮಿಯು ತನ್ನ ಅಕ್ಷದ ಮೇಲೆ ತಿರುಗುವುದೇ. ನ್ಯೂಯಾರ್ಕಿನಲ್ಲಿ ಬೆಳಗಿನ 9 ಗಂಟೆಯಾದಾಗ ನಮಗೆ ಸಂಜೆ 6-30; ಅವರ ಚಳಿಗಾಲದಲ್ಲಿ 7-30. ಲಂಡನಿನ 9 ಗಂಟೆಯು ನಮಗೆ ಮಧ್ಯಾಹ್ನ 1-30 ಅಥವಾ 2-30. ಆದುದರಿಂದ ಕೆಲಸವು ಯಾವ ದೇಶದವರದೆಂಬುದನ್ನು ಮೊದಲು ಕೇಳತಕ್ಕದ್ದು.

ಪಾಳಿಯಲ್ಲಿ ಒಂದು ಗುಣವುಂಟು: ಆರಂಭವೂ ಅಂತ್ಯವೂ ನಿಯತವಾಗಿರುವುವು, ರಾತ್ರಿಗೆ ಭತ್ಯವೂ ದೊರೆಯುವುದುಂಟು. ದೋಷವು ದೇಹಕ್ಕೆ ಸಂಬಂಧಿಸಿದುದು. ಶರೀರದೊಳಗಿನ ದಿನರಾತ್ರಿಗಳ ಗಡಿಯಾರವು ನಡೆಯುವ ಬಗೆಯನ್ನು ಕಂಡುಹಿಡಿದ ಮೂವರು ವಿಜ್ಞಾನಿಗಳಿಗೆ 2017ರಲ್ಲಿ ನೊಬೆಲ್ ಪಾರಿತೋಷಕವು ಸಂದಿತು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾಂಗವು ರಾತ್ರಿಪಾಳಿಯನ್ನು 2007ರಲ್ಲಿಯೂ ಪುನಃ 2019ರಲ್ಲಿಯೂ ಬಹುಶಃ ಕ್ಯಾನ್ಸರ್‌ಕಾರಕವೆಂಬ ವರ್ಗದಲ್ಲಿ ಸೇರಿಸಿತು. ರೂಢಿಯಿಲ್ಲದೆ ಜಾಗರಣೆ ಮಾಡಿದವನು, ಎಚ್ಚರವಿದ್ದ ಕಾಲದ ಅರ್ಧದಷ್ಟು ಹೊತ್ತು ಬೆಳಿಗ್ಗೆ ಆಹಾರಕ್ಕೆ ಮೊದಲೇ ನಿದ್ರಿಸಬೇಕೆಂದು ವಾಗ್ಭಟನು ಅಷ್ಟಾಂಗಹೃದಯದಲ್ಲಿ ವಿಧಿಸಿರುವನು. ಪಾಳಿಯವನ ಹಗಲುನಿದ್ದೆಯನ್ನು ಸೋಮಾರಿತನವೆಂದು ಮನೆಯವರು ಹಳಿಯಬಾರದು.

ಇನ್ನು ಸ್ವಾಧೀನವಾದ ವೇಳೆಯ ವಿಚಾರ. ತಾಯಿಯನ್ನು ವೈದ್ಯರಲ್ಲಿಗೆ ಕರೆದೊಯ್ಯಬಹುದು; ಕೊನೆಗಾರನು ಬಂದ ದಿನ ತೋಟದಲ್ಲಿ ನಿಲ್ಲಬಹುದು. ಆದರೆ ಅಡಕೆ ಸುಲಿಯುವವರನ್ನು ನೋಡಿರಿ. ಅವರಿಗೆ ಕೂಲಿಯು ಅಳತೆಯ ಲೆಕ್ಕ. ಯಾವಾಗ ಕುಳಿತರೂ ಆದೀತು. ಹಾಗಿದ್ದರೂ ಕೊಯ್ದ ಅಡಕೆಯು ಕಾಯಲಾರದು. ಬೇಗನೆ ಸುಲಿದು ಬೇಯಿಸಲೇಬೇಕು. ಆದಕಾರಣ ರಾತ್ರಿಯಾದರೂ ಮೆಟ್ಟುಕತ್ತಿಯನ್ನು ಬಿಟ್ಟೇಳುವಂತಿಲ್ಲ. ವೇಳೆಯು ನಮ್ಮದೆಂದರೂ ಗಡುವು ಪರರದಾದರೆ ಸ್ವಾತಂತ್ರ್ಯವು ನಾಮಮಾತ್ರವಾಗುವುದು. ಊಟದೆಲೆಯ ಮುಂದೆಯೂ ಫೋನು ಕರೆಯುವುದು.

ಆದುದರಿಂದ ಶಿಷ್ಯನಿಗೆ ನಾನು ಮೂರು ಪ್ರಶ್ನೆಗಳನ್ನು ಬರೆದುಕೊಟ್ಟೆನು. ಎಲ್ಲರೂ ಕಡ್ಡಾಯವಾಗಿ ಕೂಡಿರಬೇಕಾದ ಗಂಟೆಗಳು ಯಾವುವು? ನಡುರಾತ್ರಿಯಲ್ಲಿ ಯಂತ್ರವು ಕೆಟ್ಟರೆ ಯಾರನ್ನು ಕರೆಯುವರು, ಮರುದಿನ ವಿಶ್ರಾಂತಿಯುಂಟೇ? ವಾರದ ಒಟ್ಟು ದುಡಿಮೆಗೆ ಮಿತಿಯೆಷ್ಟು? ನಮ್ಮ ನಾಡಿನ 1961ನೆಯ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯಿದೆಯು ದಿನಕ್ಕೆ 9, ವಾರಕ್ಕೆ 48 ಗಂಟೆಗಳ ಮೇರೆಯನ್ನು ಹಾಕಿದುದು ನಿಷ್ಕಾರಣವಾಗಿ ಅಲ್ಲ. ಉತ್ತರಗಳನ್ನು ಬರಹದಲ್ಲಿಯೇ ಪಡೆಯೆಂದೆನು. ಮಳೆಗಾಲದಲ್ಲಿ ವಿದ್ಯುತ್ತು ಹೋದರೆ ಗತಿಯೇನೆಂಬುದನ್ನೂ ಮೊದಲೇ ತಿಳಿಸೆಂದೆನು.

ಮಧ್ಯಾಹ್ನ 2ರಿಂದ 6ರವರೆಗೆ ಮಾತ್ರ ಕಡ್ಡಾಯ, ರಾತ್ರಿಯ ಕರೆಯು ತಿಂಗಳಿಗೊಂದು ವಾರವೆಂದು ಉತ್ತರವು ಬಂದಿತು. ಸಂಬಳದ ಕೊರತೆಯನ್ನು ತಾಯಿಯೊಡನೆ ಕುಳಿತು ಲೆಕ್ಕಹಾಕಿ, ಅವನು ಅದನ್ನೇ ಒಪ್ಪಿದನು. ಮೊನ್ನೆ ಆ ತಾಯಿಯವರು ಸಿಕ್ಕಿದಾಗ ಹೇಳಿದರು: “ಮೇಷ್ಟ್ರೇ, ದುಡ್ಡು ಸ್ವಲ್ಪ ಕಡಿಮೆಯೇ. ಆದರೆ ಈಗ ರಾತ್ರಿ ಎರಡೆಲೆ ಹಾಕುತ್ತೇನೆ.”