ಇಗರ್ಜಿಯ ತೋಟದಲ್ಲಿ ಏಳು ಸುತ್ತಿನ ದಾರಿ



ಇಗರ್ಜಿಯ ತೋಟದಲ್ಲಿ, ಬಯಲಿನಲ್ಲಿ, ಕಾಂಕ್ರೀಟಿನಿಂದ ಒಂದು ಸುತ್ತುದಾರಿಯನ್ನು ಕಟ್ಟುವುದು ಹೇಗೆ ಎಂಬುದನ್ನು ಇಂದು ತಿಳಿಯೋಣ. ಇಂಗ್ಲಿಷಿನಲ್ಲಿ ಇದಕ್ಕೆ ಲ್ಯಾಬಿರಿಂತ್ ಎನ್ನುತ್ತಾರೆ. ಹೆಸರು ಪರದೇಶದ್ದಾದರೂ ವಸ್ತು ನಮಗೆ ಹೊಸದಲ್ಲ.

ಚಕ್ರವ್ಯೂಹ ಎಂದೊಡನೆ ನಮಗೆ ಅಭಿಮನ್ಯುವಿನ ನೆನಪಾಗುತ್ತದೆ. ಒಳಹೊಕ್ಕವನು ಹೊರಬರಲಾರ ಎಂಬ ಭಯ. ಆದರೆ ಈ ಸುತ್ತುದಾರಿಯಲ್ಲಿ ಕವಲುಗಳಿಲ್ಲ. ದಾರಿ ಒಂದೇ. ಅದು ಸುತ್ತಿ ಸುತ್ತಿ ನಡುವಿಗೆ ಒಯ್ಯುತ್ತದೆ, ಅದೇ ದಾರಿಯಲ್ಲಿ ಹಿಂದಿರುಗಬೇಕು. ದಾರಿ ತಪ್ಪುವ ಚಿಂತೆಯಿಲ್ಲದ ಕಾರಣ ಮನಸ್ಸು ನಡಿಗೆಯ ಮೇಲೆ ನಿಲ್ಲುತ್ತದೆ.

ಫ್ರಾನ್ಸ್ ದೇಶದ ಶಾರ್ತ್ರ್ ಮಹಾ ಇಗರ್ಜಿಯ ನೆಲದಲ್ಲಿ 13ನೆಯ ಶತಮಾನದ ಆರಂಭದಲ್ಲಿ ಹಾಸಿದ ಇಂಥ ದಾರಿ ಇಂದಿಗೂ ಇದೆ. ಅಡ್ಡಳತೆ ಸುಮಾರು 13 ಮೀಟರ್. ನಡೆಯಬೇಕಾದ ದೂರ ಮಾತ್ರ 260 ಮೀಟರಿಗೂ ಹೆಚ್ಚು. ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯದ ಗೋಡೆಯಲ್ಲಿ ಅಭಿಮನ್ಯುವಿನ ಚಕ್ರವ್ಯೂಹವನ್ನು ಶಿಲ್ಪಿ ಸುತ್ತು ಸುತ್ತಾಗಿಯೇ ಕಡೆದಿದ್ದಾನೆ. ಅಷ್ಟು ದೂರವೇಕೆ? ನಮ್ಮ ನೀಲಗಿರಿಯ ಪಡುಗುಲದ ಕಲ್ಲುಮನೆಯೊಂದರ ಮೇಲೂ ಇಂಥ ಸುತ್ತುಗೆರೆಯ ಕೆತ್ತನೆ ಇದೆ. ಆದ್ದರಿಂದ ಇದನ್ನು ತೋಟದಲ್ಲಿ ಕಟ್ಟುವವರು ಹೊರಗಿನ ಅಲಂಕಾರವನ್ನು ತಂದಂತಾಗುವುದಿಲ್ಲ.

ಈಗ ಒಂದು ಕಾಗದ, ಪೆನ್ಸಿಲ್ ತೆಗೆದುಕೊಳ್ಳಿ. ರಂಗೋಲಿ ಹಾಕುವವರಿಗೆ ಇದು ಬಲು ಸುಲಭ. ಮೊದಲು ನಡುವೆ ಒಂದು ಕೂಡು ಗುರುತು. ಅದರ ನಾಲ್ಕು ಮೂಲೆಗಳಲ್ಲಿ ಒಂದೊಂದು ಮೊಳಕೈ ಗೆರೆ. ಮಡಿಕೆ ಒಳಮುಖವಾಗಿ, ತೋಳುಗಳು ಹೊರಮುಖವಾಗಿ ಇರಲಿ. ಪ್ರತಿ ಮೊಳಕೈಯ ತೆರೆದ ಕಡೆ ಒಂದೊಂದು ಚುಕ್ಕಿ. ಚುಕ್ಕಿಗಳೂ ಸೇರಿ ಒಟ್ಟು 16 ತುದಿಗಳಾದವು. ಕೂಡು ಗುರುತಿನ ಮೇಲ್ತುದಿಯಿಂದ ಬಲಪಕ್ಕದ ತುದಿಗೆ ಒಂದು ಕಮಾನು ಎಳೆಯಿರಿ. ಬಳಿಕ ಎಡಗಡೆಯ ಮುಂದಿನ ತುದಿಯಿಂದ, ಮೊದಲ ಕಮಾನಿನ ಮೇಲೆ ಹಾಯಿಸಿ, ಬಲಗಡೆಯ ಮುಂದಿನ ತುದಿಗೆ ಇನ್ನೊಂದು. ಹೀಗೆ ಎಂಟು ಕಮಾನುಗಳಾದಾಗ ನಡುವೆ ಏಳು ಸುತ್ತಿನ ದಾರಿ ಸಿದ್ಧ. ಕೆಳಗೆ ಉಳಿದ ಬಿಡುವೇ ಬಾಗಿಲು.

ಇದನ್ನು ನೆಲಕ್ಕೆ ಇಳಿಸುವಾಗ ಒಂದು ಗೆರೆಯಿಂದ ಇನ್ನೊಂದಕ್ಕೆ ಎರಡು ಅಡಿ ಬಿಟ್ಟರೆ ಸುಮಾರು 30 ಅಡಿ ಅಗಲದ ಜಾಗ ಬೇಕು. ಗಾಲಿಕುರ್ಚಿಯೂ ಸಾಗಬೇಕಾದರೆ ಮೂರೂವರೆ ಅಡಿ ಬಿಡಿ. ಆಗ 53 ಅಡಿಯಷ್ಟು ಅಗಲ ಬೇಕಾಗುತ್ತದೆ. ಮೊದಲು ಸುಣ್ಣದ ಪುಡಿಯಲ್ಲಿ ಗುರುತು ಹಾಕಿ. ಮಕ್ಕಳು, ಮುದುಕರು, ಕೋಲೂರಿ ನಡೆಯುವವರು ಕೆಲವು ವಾರ ನಡೆದು ನೋಡಲಿ. ಸುಣ್ಣವನ್ನು ಅಳಿಸಬಹುದು, ಕಾಂಕ್ರೀಟನ್ನು ಅಳಿಸುವುದು ಕಷ್ಟ.

ಬೆಟ್ಟದ ಜನರಾದ ನಾವು ಮುಖ್ಯವಾಗಿ ಗಮನಿಸಬೇಕಾದದ್ದು ನೀರು. 2009ರ ನವೆಂಬರಿನ ಮಳೆಗೆ ಗುಡ್ಡ ಕುಸಿದು ನಮ್ಮ ಜಿಲ್ಲೆಯಲ್ಲಿ 40ಕ್ಕೂ ಹೆಚ್ಚು ಜನ ಸತ್ತರು. 2019ರ ಆಗಸ್ಟಿನಲ್ಲಿ ಅವಲಾಂಚೆಯಲ್ಲಿ ಒಂದೇ ದಿನ 800 ಮಿಲಿಮೀಟರ್ ಮೀರಿ ಮಳೆ ಸುರಿಯಿತು. ಅಂಗಳವನ್ನೆಲ್ಲ ಕಾಂಕ್ರೀಟಿನಿಂದ ಮುಚ್ಚಿದರೆ ಇಂಗಬೇಕಾದ ನೀರು ಕೆಳಗಿನ ಮನೆಯ ಗೋಡೆಗೆ ಹೋಗಿ ನಿಲ್ಲುತ್ತದೆ. ಆದ್ದರಿಂದ ಗೆರೆಗಳಿಗೆ ಮಾತ್ರ ಕಾಂಕ್ರೀಟ್ ಹಾಕಿ. ನಡೆಯುವ ದಾರಿ ಹುಲ್ಲಾಗಿರಲಿ, ಗಾಲಿಕುರ್ಚಿಗಾದರೆ ದಮ್ಮಸು ಮಾಡಿದ ಸಣ್ಣ ಜಲ್ಲಿಪುಡಿ ಇರಲಿ. ಗೆರೆಗಳು ನೆಲದ ಮಟ್ಟಕ್ಕೇ ಇದ್ದರೆ ಯಾರೂ ಎಡವುವುದಿಲ್ಲ, ನೀರಿಗೂ ಅಡ್ಡಿಯಿಲ್ಲ. ಇಳಿಜಾರನ್ನು ಕಡಿದು ಸಮ ಮಾಡುವ ಬದಲು ಇರುವ ಸಮತಟ್ಟನ್ನೇ ಆರಿಸಿ. ಉದಕಮಂಡಲದ ಸೇಂಟ್ ಸ್ಟೀಫನ್ಸ್ ಇಗರ್ಜಿಯಂತೆ ಸಮಾಧಿಗಳಿರುವ ಕಡೆ, ಅಗೆಯುವ ಮೊದಲು ಹಳೆಯ ನಕ್ಷೆಯನ್ನು ನೋಡಿ, ಹಿರಿಯರನ್ನು ಕೇಳಿ.

ಕೆಲಸದ ಕ್ರಮ ಹೀಗೆ. ನಾಲ್ಕು ಇಂಚು ಅಗಲ, ಆರು ಇಂಚು ಆಳದ ಕಾಲುವೆ ತೋಡಿ. ತಳಕ್ಕೆ ಎರಡು ಇಂಚು ಜಲ್ಲಿ ಹಾಕಿ ದಮ್ಮಸು ಮಾಡಿ. ತಿರುವುಗಳಿಗೆ ಬಾಗುವ ತಗಡನ್ನು ಅಚ್ಚಾಗಿ ನಿಲ್ಲಿಸಿ. ಒಂದು ಪಾಲು ಸಿಮೆಂಟ್, ಒಂದೂವರೆ ಪಾಲು ಮರಳು, ಮೂರು ಪಾಲು ಸಣ್ಣ ಜಲ್ಲಿ ಬೆರೆಸಿ. 50 ಕಿಲೋ ಚೀಲಕ್ಕೆ 25 ಲೀಟರಿಗಿಂತ ಹೆಚ್ಚು ನೀರು ಬೇಡ. ನೀರು ಹೆಚ್ಚಿದಷ್ಟೂ ಬಲ ಕಡಿಮೆ. ನಾಲ್ಕು ಅಡಿಗೊಂದು ಸಂದು ಬಿಟ್ಟರೆ ಬಿರುಕು ಮನಬಂದಂತೆ ಬಿಡುವುದಿಲ್ಲ. ಮೇಲ್ಮೈಯನ್ನು ಬರಲಿನಿಂದ ಒರಟು ಮಾಡಿ, ನುಣುಪಾದರೆ ಮಳೆಯಲ್ಲಿ ಪಾಚಿ ಕಟ್ಟಿ ಜಾರುತ್ತದೆ. ಒದ್ದೆ ಗೋಣಿ ಹೊದಿಸಿ ಹತ್ತು ದಿನ ತೇವ ಆರದಂತೆ ಕಾಯಿರಿ.

ಕಾಲವನ್ನೂ ನೋಡಬೇಕು. ಗೂಡಲೂರಿನಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ ಬಿಡುವುದಿಲ್ಲ. ಉದಕಮಂಡಲದಲ್ಲಿ ಡಿಸೆಂಬರ್, ಜನವರಿಯ ಹಿಮ ಹಸಿ ಕಾಂಕ್ರೀಟನ್ನು ಕೆಡಿಸುತ್ತದೆ. ಫೆಬ್ರವರಿ ಕೊನೆಯಿಂದ ಮಾರ್ಚ್ ತಿಂಗಳವರೆಗೆ ಅನುಕೂಲ. ಮಸಿನಗುಡಿಯ ಕಡೆಯವರು ಆನೆ ನಡೆಯುವ ಜಾಗವನ್ನು ಬಿಟ್ಟು ಕಟ್ಟಲಿ, ಸುತ್ತ ಬೇಲಿ ಬೇಡ.

ಬಾಗಿಲೂ ಬೀಗವೂ ಇಲ್ಲದ ಕಟ್ಟಡವಿದು. ಪ್ರಾರ್ಥನೆಗೆ ಬಂದವರಂತೆಯೇ ತೋಟದ ಕೆಲಸ ಮುಗಿಸಿ ಬಂದವರೂ ಇದರಲ್ಲಿ ನಡೆಯಬಹುದು. ಒಳಗೆ ಹೋಗುವವರಿಗೂ ಹೊರಗೆ ಬರುವವರಿಗೂ ದಾರಿ ಒಂದೇ ಆದ್ದರಿಂದ, ಎದುರಾದವರಿಗೆ ಒಂದು ಹೆಜ್ಜೆ ಸರಿದು ಜಾಗ ಕೊಡಬೇಕು.